ಊಟ ಮುಗಿಸಿ ಬರುವಷ್ಟರಲ್ಲಿ ಸಿಲಿಂಡರ್ ನೀರು ತಿಳಿ. ಜೇಡಿ ಎಲ್ಲಿ ಹೋಯ್ತು?

ಕೆಸರುಕೈ:
ಎಂಎಸ್ಸಿ ಎರಡನೇ ವರ್ಷ ನಾನು. ಪ್ರಾಜೆಕ್ಟಿಗೆ ಕಡಲ ತಳದ ಕೆಸರಿನ ಕೋರ್ (ಕೊಳವೆ ಇಳಿಸಿ ತೆಗೆದ ಕೆಸರಿನ ಕಂಬ) ಕೊಟ್ಟಿದ್ದಾರೆ. ಪಿಪೆಟ್ ವಿಧಾನದಲ್ಲಿ (ಕೆಸರುನೀರು ಕಲಕಿ, ದಪ್ಪ ಕಣ ಇಳಿಯುವಷ್ಟು ಹೊತ್ತು ಬಿಟ್ಟು, ಪಿಪೆಟ್ ಕೊಳವೆಯಲ್ಲಿ ಸ್ವಲ್ಪ ಹೀರಿ, ಒಣಗಿಸಿ ತೂಗೋದು) ಮರಳು, ಹೂಳು, ಜೇಡಿ ಎಷ್ಟೆಷ್ಟಿದೆ ಅಂತ ನೋಡಬೇಕು. 15 ಗ್ರಾಂ ತೂಗಿ, ಕೊಳೆತ ಸಾವಯವ ಅಂಶ ಹೋಗಲಿ ಅಂತ ಪೆರಾಕ್ಸೈಡ್ ಹಾಕಿದೆ (ನೊರೆ ಉಕ್ಕಿ ಒಂದು ಬೀಕರ್ ಮೇಜಿನ ಪಾಲಾಯಿತು, ಆ ಕಥೆ ಬೇಡ). 63 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಜರಡಿಯಲ್ಲಿ ಸೋಸಿ ಮರಳು ಬೇರೆ ಮಾಡಿದೆ. ಕೆಳಗಿಳಿದದ್ದನ್ನು ಒಂದು ಲೀಟರ್ ಸಿಲಿಂಡರಿಗೆ ಹಾಕಿ, ಕಣಗಳು ಅಂಟಿಕೊಳ್ಳದಂತೆ ಕ್ಯಾಲ್ಗಾನ್ ಅನ್ನೋ ರಾಸಾಯನಿಕ ಬೆರೆಸಿ, ಕಲಕಿ ಬಿಟ್ಟೆ.

ಒಂದು ಗಂಟೆ ಬಿಟ್ಟು ಬಂದರೆ ಮೇಲಿನ ಅರ್ಧ ನೀರು ತಿಳಿ! ಆಚೆ ಗೋಡೆಯ ಗಡಿಯಾರ ಅದರೊಳಗಿಂದ ಕಾಣಿಸುತ್ತಿತ್ತು. ಬೆರಳಲ್ಲಿ ಉಜ್ಜಿದರೆ ಬೆಣ್ಣೆ ಹಾಗಿರೋ ಕೆಸರು, ಲೆಕ್ಕದಲ್ಲಿ ಮಾತ್ರ ಜೇಡಿ ಶೇ. 3. ಮೂರು ಸಲ ಮಾಡಿದರೂ ಇದೇ. ಗೈಡ್ ಹತ್ರ ಹೋಗೋಕೆ ಮುಂಚೆ ಇಲ್ಲಿ ಕೇಳೋಣ ಅಂತ.

ಹಳೇಜರಡಿ:
ಜೇಡಿ ಎಲ್ಲೂ ಹೋಗಿಲ್ಲ, ಗುಂಪು ಕಟ್ಟಿಕೊಂಡು ತಳ ಸೇರಿದೆ. ಉಪ್ಪು ತೊಳೆದಿರಾ? ಇಷ್ಟೆಲ್ಲ ಬರೆದಿದ್ದೀರಿ, ಅದೊಂದು ಮಾತಿಲ್ಲ.

ಕಡಲ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಸಿಹಿನೀರಲ್ಲಿ ಜೇಡಿಯ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ತೇಲಾಡುತ್ತವೆ. ಉಪ್ಪು ಬಂತೋ, ತಳ್ಳಾಟ ನಿಂತು ಅಂಟಿಕೊಳ್ಳುತ್ತವೆ, ದಪ್ಪ ಕಣದ ಹಾಗೆ ಸರಸರ ಇಳಿಯುತ್ತವೆ. ನದಿಯ ಕೆಸರು ಅಳಿವೆಯಲ್ಲಿ ಕೂರುವುದಕ್ಕೂ ಇದೊಂದು ಕಾರಣ.

ಡಿಸ್ಟಿಲ್ಡ್ ವಾಟರ್ ಹಾಕಿ, ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗಿಸಿ ಕೆಸರು ತಳಕ್ಕೆ ಕೂರಿಸಿ), ಮೇಲಿನ ನೀರು ಚೆಲ್ಲಿ. ಮತ್ತೆ ಹಾಕಿ. ಪ್ರತಿ ಸಲ ಆ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಹಾಲು ಬಿದ್ದ ಹಾಗೆ ಬೆಳ್ಳಗಾದರೆ ಉಪ್ಪು ಇನ್ನೂ ಇದೆ ಅಂತ. ಗ್ಲೌಸ್ ಹಾಕಿಕೊಳ್ಳಿ, ಕೈಗೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗುವುದಿಲ್ಲ.

ಒಂದು ಹಂತದಲ್ಲಿ, ಎಷ್ಟು ತಿರುಗಿಸಿದರೂ ಮೇಲಿನ ನೀರು ತಿಳಿಯಾಗುವುದೇ ಇಲ್ಲ ಅಂತ ಕೂರುತ್ತದೆ. ಸಿಟ್ಟಲ್ಲಿ ಅದನ್ನು ಸಿಂಕಿಗೆ ಚೆಲ್ಲಬೇಡಿ. ಅದೇ ನಿಮ್ಮ ಜೇಡಿ! ನಾನು ಸೇರಿದ ಹೊಸದರಲ್ಲಿ ಎರಡು ದಿನದ ಕೆಲಸ ಹಾಗೇ ಚೆಲ್ಲಿದ್ದೆ. ಆಮೇಲೆ ಸಿಂಕ್ ನೋಡುತ್ತಾ ನಿಂತಿದ್ದೆ, ಅಷ್ಟೇ.

ತೂಕದಯಂತ್ರ:
ಉಪ್ಪಿನ ಮಾತು ಸರಿ. ಇನ್ನೆರಡು ನೋಡಿಕೊಳ್ಳಿ. ಕ್ಯಾಲ್ಗಾನ್ ದ್ರಾವಣ ಯಾವಾಗ ಮಾಡಿಟ್ಟಿದ್ದು? ಹಳೆಯದಾದರೆ ಅದರ ಶಕ್ತಿ ಹೋಗುತ್ತದೆ. ಮತ್ತೆ ಒಣಗಿಸಿ ತೂಗುವಾಗ ಅದರ ತೂಕ ಕಳೆಯಬೇಕು. ಸಿಲಿಂಡರಲ್ಲಿ 1 ಗ್ರಾಂ ಇದ್ದರೂ, 15 ಗ್ರಾಂ ಸ್ಯಾಂಪಲ್‌ನಲ್ಲಿ ಸುಮಾರು ಶೇ. 7ರಷ್ಟು ಸುಳ್ಳು ಜೇಡಿ.

ನೀರಿನ ಉಷ್ಣಾಂಶವನ್ನೂ ಬರೆದಿಡಿ. 2 ಮೈಕ್ರಾನ್ ಕಣ (ಇದಕ್ಕಿಂತ ಸಣ್ಣದೆಲ್ಲ ಜೇಡಿ) 10 ಸೆಂ.ಮೀ. ಇಳಿಯಲು 20 ಡಿಗ್ರಿಯಲ್ಲಿ ಹತ್ತಿರ ಹತ್ತಿರ ಏಳೂಮುಕ್ಕಾಲು ಗಂಟೆ, 30 ಡಿಗ್ರಿಯಲ್ಲಿ ಆರು ಗಂಟೆ ಚಿಲ್ಲರೆ. ಪುಸ್ತಕದ ಟೇಬಲ್ ಸುಮ್ನೆ ಕಣ್ಣುಮುಚ್ಚಿ ಬಳಸಬೇಡಿ.

ಕೆಸರುಕೈ:
ಮೊದಲ ಸಲ ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಬಿಟ್ಟೆ. ಹಾಲಲ್ಲ, ಮೊಸರು! ಕ್ಯಾಲ್ಗಾನ್ ಬಾಟಲಿ ಮೇಲೆ ತಾರೀಖೇ ಇಲ್ಲ, ಬರೆದವರ ಬ್ಯಾಚ್ ಪಾಸಾಗಿ ಹೋಗಿದೆ. ಹೊಸದು ಮಾಡಿದೆ. ಐದು ಸಲ ತೊಳೆದೆ. ಐದನೇ ಸಲ ನೀರು ಹಟ ಹಿಡಿಯಿತು, ಚೆಲ್ಲಲಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಕಲಕಿ ಬಿಟ್ಟಿದ್ದೀನಿ, ನೀರು 28 ಡಿಗ್ರಿ. ನಾಲ್ಕು ಗಂಟೆ ಹತ್ತಿರ ಪಿಪೆಟ್ ಇಳಿಸಬೇಕು. ಈಗ ಎರಡು ಗಂಟೆ. ಆಚೆ ಗೋಡೆಯ ಗಡಿಯಾರ ಕಾಣಿಸುತ್ತಿಲ್ಲ, ಮೊಬೈಲಲ್ಲೇ ಟೈಮ್ ನೋಡಿದೆ.