‘ಡಿಪೆಂಡೆನ್ಸಿ’ಗೆ ‘ಅವಲಂಬಿತ ಪ್ಯಾಕೇಜು’ ಎನ್ನಬಹುದೇ?

ಮಾನ್ಯರೇ,

ತುಮಕೂರಿನ ಪದವಿ ವಿದ್ಯಾರ್ಥಿಗಳಿಗಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕುರಿತು ಕನ್ನಡದಲ್ಲಿ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಪ್ಯಾಕೇಜು (ಬಳಕೆಗೆ ಸಿದ್ಧವಿರುವ ಕೋಡಿನ ಕಟ್ಟು), ಇನ್‌ಸ್ಟಾಲ್, ವರ್ಷನ್ ಎಂಬ ಮಾತುಗಳು ತರಗತಿಯಲ್ಲಿ ಎಲ್ಲರ ಬಾಯಲ್ಲೂ ಇರುವುದರಿಂದ ಅವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ತೊಡಕಿರುವುದು ‘ಡಿಪೆಂಡೆನ್ಸಿ’ಯಲ್ಲಿ, ಅಂದರೆ ಒಂದು ಪ್ಯಾಕೇಜು ನಡೆಯಲು ಬೇಕಾಗುವ ಇನ್ನೊಂದು ಪ್ಯಾಕೇಜನ್ನು ಹೆಸರಿಸುವುದರಲ್ಲಿ. ಇದನ್ನು ‘ಅವಲಂಬನೆ’ ಎಂದೂ ‘ಅವಲಂಬಿತ ಪ್ಯಾಕೇಜು’ ಎಂದೂ ಬರೆಯುವುದುಂಟು. ಮೊದಲನೆಯದು ಸಂಬಂಧವನ್ನು ಹೇಳುತ್ತದೆಯೇ ಹೊರತು ವಸ್ತುವನ್ನಲ್ಲ. ಎರಡನೆಯದು ದಿಕ್ಕನ್ನೇ ತಿರುಗಿಸುತ್ತದೆ ಎಂದು ನನಗೆ ತೋರುತ್ತದೆ.

ಪೈಥಾನ್ ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಸಾಧನವಾದ ಪಿಪ್ ಮೂಲಕ ‘ರಿಕ್ವೆಸ್ಟ್ಸ್’ ಎಂಬ ಪ್ಯಾಕೇಜನ್ನು ಹಾಕಿಕೊಂಡರೆ ಅದರೊಡನೆ ‘ಯುಆರ್‌ಎಲ್‌ಲಿಬ್3’, ‘ಸರ್ಟಿಫೈ’ ಮೊದಲಾದವೂ ಬರುತ್ತವೆ, ಏಕೆಂದರೆ ಅವಿಲ್ಲದೆ ರಿಕ್ವೆಸ್ಟ್ಸ್ ನಡೆಯದು. ಡಿಪೆಂಡೆನ್ಸಿ ಎನಿಸಿಕೊಳ್ಳುವುದು ಹೀಗೆ ಜೊತೆಗೆ ಬಂದವು. ಆದರೆ ನಮ್ಮ ರೂಢಿಯಲ್ಲಿ ಪಿಂಚಣಿ ಅರ್ಜಿಯ ‘ಅವಲಂಬಿತರು’ ಎಂದರೆ ನೌಕರನನ್ನು ನೆಚ್ಚಿಕೊಂಡ ಮನೆಯವರು. ಪಾವಗಡ, ಶಿರಾ ಕಡೆಯ ‘ಮಳೆ ಅವಲಂಬಿತ ಬೇಸಾಯ’ದಲ್ಲಿ ಅವಲಂಬಿತವಾದದ್ದು ಬೇಸಾಯ, ಮಳೆಯಲ್ಲ. ಈ ಲೆಕ್ಕದಲ್ಲಿ ಅವಲಂಬಿತವೆಂದು ಕರೆಯಬೇಕಾದದ್ದು ರಿಕ್ವೆಸ್ಟ್ಸನ್ನು. ಸಂಸ್ಕೃತದ ಕರ್ಮಣಿ ಅರ್ಥ ಹಿಡಿದು ‘ಆಶ್ರಯಿಸಲ್ಪಟ್ಟದ್ದು’ ಎಂದು ವಾದಿಸಬಹುದಾದರೂ ಕನ್ನಡದ ಓದುಗ ಹಾಗೆ ಓದಲಾರ.

ಪಿಪ್‌ನ ‘ಶೋ’ ಆಜ್ಞೆ ಈ ಎರಡು ದಿಕ್ಕುಗಳನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ: ಈ ಪ್ಯಾಕೇಜಿಗೆ ಏನೇನು ಬೇಕು ಎಂಬುದು ಒಂದು, ಇದು ಯಾವುದಕ್ಕೆಲ್ಲ ಬೇಕು ಎಂಬುದು ಇನ್ನೊಂದು. ಅನ್‌ಇನ್‌ಸ್ಟಾಲ್ ಮಾಡುವಾಗ ಮಾತ್ರ ಪಿಪ್ ಆ ಎರಡನೆಯದನ್ನು ಪರಿಶೀಲಿಸುವುದಿಲ್ಲ. ಯುಆರ್‌ಎಲ್‌ಲಿಬ್3 ಅನ್ನು ತೆಗೆ ಎಂದರೆ ಒಪ್ಪಿಗೆ ಕೇಳಿ ತೆಗೆದುಬಿಡುತ್ತದೆ, ಆಮೇಲೆ ರಿಕ್ವೆಸ್ಟ್ಸ್ ಇಂಪೋರ್ಟ್ ಆಗುವುದೇ ಇಲ್ಲ, ಅಂದರೆ ಅದನ್ನು ಪ್ರೋಗ್ರಾಮಿನೊಳಗೆ ತಂದುಕೊಳ್ಳಲಾಗುವುದಿಲ್ಲ. ದಿಕ್ಕು ತಪ್ಪಿದ ಪದವನ್ನು ನಂಬಿದ ವಿದ್ಯಾರ್ಥಿ ತೆಗೆಯಬಾರದ್ದನ್ನೇ ತೆಗೆದಾನು.

‘ಆಧಾರ ಪ್ಯಾಕೇಜು’ ಅರ್ಥಕ್ಕೆ ಒಪ್ಪುತ್ತದೆ, ಆದರೆ ಬೆರಳಚ್ಚು ಕೊಡಬೇಕೇ ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ಬರುವುದು ಖಂಡಿತ. ‘ಪೂರಕ’ ಬೇಡ, ಅದಿಲ್ಲದಿದ್ದರೂ ನಡೆಯುತ್ತದೆ ಎಂಬ ಧ್ವನಿ ಅದರಲ್ಲಿದೆ. ನನ್ನ ಒಲವು ‘ಆಸರೆ ಪ್ಯಾಕೇಜು’ ಕಡೆಗೆ. ಪರೋಕ್ಷ ಡಿಪೆಂಡೆನ್ಸಿಯನ್ನು ‘ಆಸರೆಯ ಆಸರೆ’ ಎನ್ನಬಹುದು, ‘ಅವಲಂಬಿತ’ವನ್ನು ಎದುರು ದಿಕ್ಕಿಗೇ ಮೀಸಲಿಡಬಹುದು. ‘ಆಸರೆ’ಯಲ್ಲಿರುವ ದೀನರಿಗೆ ಆಶ್ರಯ ಕೊಟ್ಟ ಛಾಯೆ ತಾಂತ್ರಿಕ ಬರಹಕ್ಕೆ ಅಡ್ಡಿಯಾದೀತೇ? ಇದಕ್ಕಿಂತ ಒಗ್ಗುವ, ಎರಡೂ ದಿಕ್ಕುಗಳನ್ನು ಬೇರ್ಪಡಿಸುವ ಜೋಡಿ ಪದಗಳು ಬಳಕೆಯಲ್ಲಿದ್ದರೆ ಉದಾಹರಣೆ ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.