ಮೀನು ಬಿಟ್ಟರೂ ದೇವರಿಗಾಗಿ ಹಸಿವು ಹುಟ್ಟುವುದಿಲ್ಲ ಯಾಕೆ?

ಕುಂಬಳೆ ಕಡಲು:
ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲಿ ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಬಂಗುಡೆ, ಬೂತಾಯಿ ಮೀನು ಹೊಸ್ತಿಲು ದಾಟುವುದಿಲ್ಲ. ಆದರೆ ತೇರ್ಸ (ಜಪಮಾಲೆ ಪ್ರಾರ್ಥನೆ) ಮುಗಿದದ್ದೇ ಮೊಬೈಲಿನಲ್ಲಿ ಚಿನ್ನದ ಡಿಸೈನು, ಗಲ್ಫಿನವರ ಹೊಸ ಮನೆ ನೋಡುತ್ತಾ ಗಂಟೆ ಹನ್ನೊಂದಾಗುತ್ತದೆ. ಬಾಯಿ ಕಟ್ಟಿದರೂ ಮನಸ್ಸು ದೇವರ ಕಡೆ ವಾಲುವುದಿಲ್ಲ. ಎಲ್ಲಿ ತಪ್ಪುತ್ತದೆ? ತಿಳಿದವರು ಹೇಳಿ.

ಬೇಳದ ಕಡೆಯವರು:
ಬಿಟ್ಟ ಜಾಗ ಖಾಲಿ ಉಳಿದರೆ ಹಾಗೇ ಆಗುವುದು. ಮತ್ತಾಯ 12:43-45 ಓದಿ: ಗುಡಿಸಿಟ್ಟ ಮನೆ ಖಾಲಿ ಇದ್ದದ್ದಕ್ಕೇ ಹೋದ ದೆವ್ವ ಇನ್ನೂ ಏಳನ್ನು ಕರಕೊಂಡು ಬಂತು. ಮೀನಿನ ಬದಲು ತುಪ್ಪದಲ್ಲಿ ಹುರಿದ ಪನೀರ್ ಬಂದರೆ ನಾಲಿಗೆಗೆ ಉಪವಾಸ ಎಲ್ಲಿ? ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಮತ್ತೆ ಶುಭ ಶುಕ್ರವಾರದ ಉಪವಾಸದ ನಿಯಮ ಹೀಗುಂಟು: ಒಂದು ಪೂರ್ತಿ ಊಟ, ಉಳಿದೆರಡು ಹೊತ್ತಿನದು ಸೇರಿದರೂ ಇನ್ನೊಂದು ಊಟದಷ್ಟಾಗಬಾರದು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಉಂಡರೆ ಬೆಳಿಗ್ಗೆ, ರಾತ್ರಿ ಅರ್ಧರ್ಧ ಬಟ್ಟಲು ಗಂಜಿ. ಹೊಟ್ಟೆ ಚುರುಗುಟ್ಟಬೇಕು. ಆ ಹೊತ್ತಿಗೇ ಕೀರ್ತನೆ 42 ಅಥವಾ 63 ಗಟ್ಟಿಯಾಗಿ ಓದಿ. ಎರಡೂ ಬಾಯಾರಿಕೆಯ ಕೀರ್ತನೆಗಳು, ಹೊಟ್ಟೆ ತುಂಬಿದ್ದಾಗ ಓದಿದರೆ ತಟ್ಟುವುದಿಲ್ಲ. ಮೀನಿನ ದುಡ್ಡು ದಿನಾ ಡಬ್ಬಿಗೆ ಹಾಕಿ ಹಸಿದವರಿಗೆ ಕೊಡಿ (ಯೆಶಾಯ 58:7). ಪರ್ಸಿನಲ್ಲೇ ಉಳಿದರೆ ಅದು ಉಳಿತಾಯ ಆಯಿತು.

ಮಂಜೇಶ್ವರ ಓದುಗ:
ಮೊಬೈಲಿಗೆ ಮದ್ದು ಬೇರೆ. 1 ಯೋಹಾನ 2:16ರಲ್ಲಿ ಮೂರು ಹೇಳಿದೆ: ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬ. ಮೀನು ಬಿಟ್ಟದ್ದು ಮೊದಲನೆಯದಕ್ಕೆ. ನೀವು ಕೇಳಿದ್ದು ಉಳಿದೆರಡು. ಯಾಕೋಬ 1:14-15ರ ಪ್ರಕಾರ ಆಸೆ ಮೊದಲು ಸೆಳೆಯುತ್ತದೆ, ಮತ್ತೆ ಬಸುರಾಗುತ್ತದೆ, ಮತ್ತೆ ಪಾಪವನ್ನು ಹೆರುತ್ತದೆ. ಸೆಳೆಯುವಾಗಲೇ ಕಡಿಯುವುದು ಸುಲಭ. ಹಾಗಾಗಿ ತೇರ್ಸಕ್ಕೆ ಕೂರುವ ಮೊದಲೇ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗಿಡಿ, ಬೆಳಗಿನ ತನಕ ಅಲ್ಲೇ ಇರಲಿ. ತಲೆದಿಂಬಿನ ಹತ್ತಿರ ಇಟ್ಟುಕೊಂಡು ಹಟ ಹಿಡಿದರೆ ಹೆಚ್ಚು ದಿನ ನಡೆಯುವುದಿಲ್ಲ.

ಮೊಬೈಲ್ ನೋಡುತ್ತಿದ್ದ ಸಮಯಕ್ಕೆ, ಯೇಸುಸಭೆ ಸ್ಥಾಪಿಸಿದ ಸಂತ ಇಗ್ನೇಷಿಯಸರ ಆತ್ಮಶೋಧನೆ ಮಾಡಿ, 15 ನಿಮಿಷ ಸಾಕು. ದೇವರಿಗೆ ಕೃತಜ್ಞತೆ ಹೇಳಿ, ಬೆಳಕು ಬೇಡಿ, ದಿನವನ್ನು ಗಂಟೆ ಗಂಟೆಯಾಗಿ ನೋಡಿ, ಕ್ಷಮೆ ಕೇಳಿ, ನಾಳೆಗೆ ಒಂದು ತೀರ್ಮಾನ ಮಾಡಿ. ದಿನ ನೋಡುವಾಗ ಅವಸರ ಬೇಡ; ಕಣ್ಣು ಎಲ್ಲಿ ನಿಂತಿತು, ಯಾರ ಮೇಲೆ ಹೊಟ್ಟೆಕಿಚ್ಚು ಬಂತು ಎಂದು ಕೇಳಿಕೊಳ್ಳಿ.

ಕುಂಬಳೆ ಕಡಲು:
ಕೂತರೂ ಏನೂ ಅನಿಸದಿದ್ದರೆ?

ಬೇಳದ ಕಡೆಯವರು:
ಏಳಬೇಡಿ ಮಾರಾಯ್ರೆ. ಮನಸ್ಸು ಒಣಗಿದಾಗ ಗೊತ್ತುಮಾಡಿದ್ದಕ್ಕಿಂತ ತುಸು ಹೆಚ್ಚೇ ಕೂರಬೇಕು, ಮೊದಲಿನ ತೀರ್ಮಾನ ಬದಲಿಸಬಾರದು ಅಂತ ಇಗ್ನೇಷಿಯಸರೇ ಹೇಳಿದ್ದಾರೆ. 15 ನಿಮಿಷ ಅಂದುಕೊಂಡಿದ್ದರೆ 17 ಕೂರಿ. ಮತ್ತೆ, ಬೂದಿ ಬುಧವಾರದಿಂದ ಪಾಸ್ಖದ (ಈಸ್ಟರ್) ಮುನ್ನಾದಿನದ ತನಕ 46 ದಿನ. ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ; ಆ 6 ಭಾನುವಾರ ಕಳೆದರೆ 40. ಭಾನುವಾರ ಮೀನು ಮಾಡಿದರೂ ಮೊಬೈಲು ಅಡುಗೆಮನೆಯಲ್ಲೇ ಇರಲಿ.