ಪದಚರ್ಚೆ: ಆರು ವರ್ಷದ ಹುಡುಗನಿಗೆ ಎಂಥ ‘ಔದ್ಯೋಗಿಕ ಚಿಕಿತ್ಸೆ’?

ಎಲ್ಲರಿಗೂ ನಮಸ್ಕಾರ.

ತಂಗಿಯ ಮಗನಿಗೆ ಆರು ವರ್ಷ. ವಾರಕ್ಕೆ ಎರಡು ಸಲ ಓಟಿಗೆ ಹೋಗುತ್ತಾನೆ, ಅಂದರೆ ಆಕ್ಯುಪೇಷನಲ್ ಥೆರಪಿಗೆ; ದಿನದಿನದ ಕೆಲಸಗಳನ್ನು ತಾನೇ ಮಾಡಿಕೊಳ್ಳುವುದನ್ನು ರೂಢಿ ಮಾಡಿಸುವ ಚಿಕಿತ್ಸೆ ಅದು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಮಾಡಿಸಲಿ ಅಂತ ಥೆರಪಿಸ್ಟ್ ಒಂದು ಹಾಳೆ ಕೊಟ್ಟಿದ್ದಾರೆ. ಇಂಗ್ಲಿಷಿನಲ್ಲಿದೆ, ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಂತು. ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡೆ.

‘ಔದ್ಯೋಗಿಕ ಚಿಕಿತ್ಸೆ’ ಅಂತ ಓದಿ ಹೇಳಿದರೆ ಅಮ್ಮ ಫೋನಿನಲ್ಲಿ, “ಇಷ್ಟು ಸಣ್ಣವನಿಗೆ ಎಂಥ ಉದ್ಯೋಗ ಮಾರಾಯ್ತಿ?” ಅಂದರು. ಸರಿಯಾಗೇ ಕೇಳಿದರು. 1917ರಲ್ಲಿ ಅಮೆರಿಕದಲ್ಲಿ ಈ ಹೆಸರಿನ ಸಂಘ ಕಟ್ಟಿದವರಿಗೆ ‘ಆಕ್ಯುಪೇಷನ್’ ಅಂದರೆ ಬರೀ ಸಂಬಳದ ಕೆಲಸ ಅಲ್ಲ, ಮನಸ್ಸು ತೊಡಗುವ ಯಾವ ಕೆಲಸವೂ ಹೌದು. ಮಗುವಿಗಾದರೆ ಅಂಗಿಯ ಗುಂಡಿ ಹಾಕಿಕೊಳ್ಳುವುದು, ಅನ್ನ ಕಲಸುವುದು, ಆಟ, ಎಲ್ಲವೂ. ತಮಾಷೆ ಏನಂದರೆ ‘ಮಾಡೋಕೆ ಬೇರೆ ಉದ್ಯೋಗ ಇಲ್ವಾ?’ ಅಂತ ಬೈಯುವಾಗ ನಾವೂ ಆ ಪದವನ್ನು ಇಷ್ಟೇ ಅಗಲವಾಗಿ ಬಳಸುತ್ತೇವೆ. ಆದರೆ ‘ಔದ್ಯೋಗಿಕ’ ಅಂದ ಕೂಡಲೇ ಕಾರ್ಖಾನೆ ಕಣ್ಣಮುಂದೆ ಬರುತ್ತದೆ. ‘ಚಟುವಟಿಕೆ ಚಿಕಿತ್ಸೆ’ ಪರವಾಗಿಲ್ಲ, ಏನಂತೀರಿ?

ಮುಂದಿನದು ಮೋಟಾರ್ ಸ್ಕಿಲ್, ಅಂದರೆ ಮೈಕೈ, ಬೆರಳುಗಳನ್ನು ಬೇಕಾದ ಹಾಗೆ ಆಡಿಸುವ ಹತೋಟಿ. ಹಾಗೇ ಬಿಟ್ಟರೆ ಊರಿನಲ್ಲಿ ತೋಟದ ಪಂಪ್‌ಸೆಟ್ಟು. ‘ಚಾಲನಾ ಕೌಶಲ’ ಅಂದರೆ ಲೈಸೆನ್ಸಿಗೆ ಎಂಟು ಹೊಡೆದು ತೋರಿಸಬೇಕೇನೋ ಅನ್ನಿಸುತ್ತದೆ. ನಮ್ಮಲ್ಲಿ ‘ಕೈ ಪಳಗಿದೆ’, ‘ಅಕ್ಷರ ಇನ್ನೂ ಕುದುರಿಲ್ಲ’ ಅನ್ನುವ ಮಾತಿದೆ ಅಲ್ವಾ? ಅದನ್ನೇ ಹಿಡಿದು, ಮಣಿ ಪೋಣಿಸುವಂಥದ್ದಕ್ಕೆ ‘ಬೆರಳು ಪಳಗಿಸುವ ಆಟ’, ಕುಂಟೆಬಿಲ್ಲೆಯಂಥದ್ದಕ್ಕೆ ‘ಮೈ ಪಳಗಿಸುವ ಆಟ’ ಅಂತ ಬರೆದೆ. ಹೆಬ್ಬೆರಳು ತೋರುಬೆರಳಲ್ಲಿ ಸಣ್ಣ ವಸ್ತು ಎತ್ತುವುದಕ್ಕೆ ‘ಚಿಟಿಕೆ ಹಿಡಿತ’. ಇದನ್ನು ಅಮ್ಮನಿಗೆ ವಿವರಿಸಬೇಕಾಗಲೇ ಇಲ್ಲ, ರಂಗೋಲಿ ಬಿಡುವ ಹಾಗೆ ತಾನೇ ಅಂದರು. ನೆನೆಸಿದ ಅವರೆಕಾಳು ಹಿಸುಕಲು ಅವನನ್ನು ಕೂರಿಸುತ್ತಾರಂತೆ. ಕಾಳು ಅಡುಗೆಮನೆ ತುಂಬ ಹಾರುತ್ತದೆ, ಅದು ಬೇರೆ ವಿಷಯ.

ಕಾಗ್ನಿಟಿವ್‌ಗೆ ‘ಸಂಜ್ಞಾನಾತ್ಮಕ’ ಅಂತ ನಿಘಂಟಿನ ಪದ ಇದೆ, ಅಜ್ಜಿಯರಿಗೆ ಆಗದು. ಸುಮ್ನೆ ‘ಗಮನ, ನೆನಪು, ಲೆಕ್ಕಾಚಾರ’ ಅಂತ ಬಿಡಿಸಿ ಬರೆದೆ.

ನಿಜವಾಗಿ ತೊಡಕಾದದ್ದು ಚೆನ್ನೆಮಣೆಯಲ್ಲಿ. ಮೈಸೂರು ಕಡೆ ಅಳಗುಳಿ ಮಣೆ ಅಂತಾರಲ್ಲ, ಎರಡು ಸಾಲಿನಲ್ಲಿ ಏಳೇಳು ಗುಳಿ, ಅದೇ. ಥೆರಪಿಸ್ಟಿಗೆ ಇದನ್ನು ಹೇಳಿದಾಗ ತುಂಬ ಖುಷಿಪಟ್ಟರು. ಒಂದೇ ಆಟದಲ್ಲಿ ಎಣಿಕೆ, ಸರದಿ ಕಾಯುವುದು, ಕೊನೆಯ ಬೀಜ ಎಲ್ಲಿ ಬೀಳುತ್ತದೆ ಅಂತ ಮುಂದಾಗಿ ಯೋಚಿಸುವುದು, ಎಲ್ಲ ಬಂತು. ಇದರ ಜೊತೆಗೆ ಕೈಯೊಳಗೆ ಇನ್ನೊಂದು ಕೆಲಸ ನಡೆಯುತ್ತದೆ: ಅಂಗೈಯಲ್ಲಿ ಹಿಡಿದ ಬೀಜಗಳಲ್ಲಿ ಒಂದನ್ನು ಮಾತ್ರ ಬೆರಳ ತುದಿಗೆ ತಂದು ಗುಳಿಗೆ ಬಿಡುವುದು, ಉಳಿದವು ಜಾರಬಾರದು. ಬಸ್ ಕಂಡಕ್ಟರ್ ಒಂದೇ ಕೈಯಲ್ಲಿ ಚಿಲ್ಲರೆ ತಳ್ಳಿಕೊಡುವುದೂ ಇದೇ. ನಮ್ಮ ಹುಡುಗನಿಗೆ ಜಾಸ್ತಿ ಕಷ್ಟ ಆಗುವುದು ಇದೇ, ಹಿಡಿ ಬಿಚ್ಚಿದರೆ ಎಲ್ಲ ಬೀಜವೂ ಒಂದೇ ಗುಳಿಗೆ.

ಈ ಚಲನೆಗೆ ನಿಮ್ಮ ಕಡೆ ಪದ ಇದೆಯಾ? ‘ಉದುರಿಸು’ ಅಂದರೆ ಎಲ್ಲ ಒಟ್ಟಿಗೆ ಬಿದ್ದಂತೆ. ‘ಬಿತ್ತು’ ಹತ್ತಿರ ಬರುತ್ತದೆ, ಕೂರಿಗೆಗೆ ಕಾಳು ಬಿಡುವವರ ಬಾಯಲ್ಲಿ ಬೇರೆ ಮಾತು ಇರಬಹುದಾ? ಬಯಲುಸೀಮೆಯವರು ದಯವಿಟ್ಟು ಹೇಳಿ.